ಮಳೆಯ ಲೆಕ್ಕ ಕೇಳಿದವರು ನೆಲದ ಲೆಕ್ಕವನ್ನೂ ಕೇಳಲಿ

ಏಪ್ರಿಲ್ ಮಧ್ಯದ ಹೊತ್ತಿಗೆ ಭಾರತ ಹವಾಮಾನ ಇಲಾಖೆ ಒಂದು ಸಂಖ್ಯೆಯನ್ನು ಪ್ರಕಟಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದಲ್ಲಿ ಬೀಳಬಹುದಾದ ಮಳೆ ದೀರ್ಘಕಾಲದ ಸರಾಸರಿಯ ನೂರಕ್ಕೆ ಎಷ್ಟು ಎಂಬುದನ್ನು ಹೇಳುವ ಸಂಖ್ಯೆ ಅದು. 96ರಿಂದ 104ರೊಳಗೆ ಇದ್ದರೆ ವಾಡಿಕೆ ಮಳೆ. ಮೇ ಕೊನೆಗೆ ಅದನ್ನೇ ತಿದ್ದಿ ಇನ್ನೊಮ್ಮೆ ಹೇಳುತ್ತಾರೆ. ಅವತ್ತು ಪತ್ರಿಕೆಯ ಮುಖಪುಟದಲ್ಲಿ ದಪ್ಪಕ್ಷರದ ಸುದ್ದಿ, ಟಿವಿಯಲ್ಲಿ ದಿನವಿಡೀ ಚರ್ಚೆ. ವಾರ ಕಳೆಯುವುದರೊಳಗೆ ಎಲ್ಲರಿಗೂ ಮರೆತುಹೋಗಿರುತ್ತದೆ.

ಆ ಸಂಖ್ಯೆ ಹೇಗೆ ಹುಟ್ಟಿತು ಎಂಬುದನ್ನು ನಾವು ಮರೆಯಬಾರದಿತ್ತು. 1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸೀಮೆಯನ್ನು ಸುಟ್ಟ ಬರವನ್ನು ನಮ್ಮ ಅಜ್ಜ ಮುತ್ತಜ್ಜಂದಿರು ಹೆಸರು ಹಿಡಿದು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕೂ ಕೆಳಗೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ನಾಡು ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಇಂಥ ಹೆಣಗಳ ರಾಶಿಯ ಮುಂದೆ ನಿಂತ ಮೇಲೆ, ಮಳೆ ಕೈಕೊಡುವುದನ್ನು ಮೊದಲೇ ತಿಳಿಯಲು ಸಾಧ್ಯವೇ ಎಂಬ ಪ್ರಶ್ನೆ ಸರ್ಕಾರವನ್ನು ಕಾಡಿತು. ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್ ಹಿಮಾಲಯದ ಹಿಮದ ಪ್ರಮಾಣ ನೋಡಿ ಮುಂಗಾರನ್ನು ಅಂದಾಜು ಮಾಡಲು ತೊಡಗಿದ. 1886ರಿಂದ ಮುನ್ಸೂಚನೆ ಪ್ರತಿವರ್ಷದ ಕೆಲಸವಾಯಿತು. ಇವತ್ತು ನಮ್ಮ ಮೊಬೈಲಿಗೆ ಬಂದು ಬೀಳುವ ಆ ಸಂಖ್ಯೆಯ ಹಿಂದೆ ಹಸಿದು ಸತ್ತವರ ಋಣವಿದೆ. ಅದನ್ನು ಓದಿ ಸುಮ್ಮನಾಗುವ ಹಕ್ಕು ನಮಗಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಮುನ್ಸೂಚನೆ ಸುಳ್ಳಾಗುತ್ತದೆ, ಅದನ್ನು ನಂಬಿ ಏನು ಮಾಡುವುದು ಎನ್ನುವವರಿದ್ದಾರೆ. ಹೌದು, ಸುಳ್ಳಾದದ್ದುಂಟು. 2002ರಲ್ಲಿ ವಾಡಿಕೆ ಮಳೆ ಎಂದರು, ದೇಶ ನೂರಕ್ಕೆ 19ರಷ್ಟು ಕೊರತೆ ಕಂಡಿತು. 2009ರಲ್ಲೂ ಹಾಗೆಯೇ ಆಯಿತು. ಆದರೆ 2023ನ್ನು ನೋಡಿ. ಏಪ್ರಿಲ್‌ನಲ್ಲಿ ಇಲಾಖೆ 96 ಎಂದಿತು, ಐದರಷ್ಟು ಹೆಚ್ಚುಕಮ್ಮಿ ಆಗಬಹುದು ಎಂದೂ ಸೇರಿಸಿತು. ಪೆಸಿಫಿಕ್ ಸಾಗರದ ನೀರು ಕಾಯುತ್ತಿದೆ, ಮುಂಗಾರಿನ ಹೊತ್ತಿಗೆ ಎಲ್ ನಿನೋ ಬರುವ ಸಂಭವ ಇದೆ ಎಂದೂ ಅದೇ ದಿನ ಹೇಳಿತ್ತು. ಕೊನೆಗೆ ದೇಶದ ಲೆಕ್ಕ 94ಕ್ಕೆ ಬಂದು ನಿಂತಿತು. ಹೇಳಿದ್ದಕ್ಕೂ ಆದದ್ದಕ್ಕೂ ದೂರವೇನೂ ಇರಲಿಲ್ಲ. ಅದೇ ವರ್ಷ ಕರ್ನಾಟಕದಲ್ಲಿ ಮುಂಗಾರು ನೂರಕ್ಕೆ 25ರಷ್ಟು ಕಡಿಮೆಯಾಯಿತು. ಜೂನ್ ಒಣಗಿತು, ಜುಲೈನಲ್ಲಿ ಹುಯ್ದು ಬಿತ್ತನೆಯ ಆಸೆ ಹುಟ್ಟಿಸಿತು, ಆಗಸ್ಟ್‌ನಲ್ಲಿ ಮಳೆ ಮುಖ ತೋರಿಸಲಿಲ್ಲ. 1901ರಿಂದ ಈಚೆಗೆ ದೇಶ ಅಷ್ಟು ಒಣಗಿದ ಆಗಸ್ಟನ್ನು ಕಂಡಿರಲಿಲ್ಲ. ತೆನೆ ಕಟ್ಟುವ ಹೊತ್ತಿಗೆ ಜೋಳ, ರಾಗಿ, ತೊಗರಿ ಹೊಲದಲ್ಲೇ ಸೊರಗಿದವು. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ದೇಶದ ಸರಾಸರಿಯಲ್ಲಿ ಪಾವಗಡದ ಹೊಲ ಕಾಣುವುದಿಲ್ಲ. ನಾಲ್ಕು ತಿಂಗಳ ಮೊತ್ತದಲ್ಲಿ ಆಗಸ್ಟಿನ ಮೂರು ವಾರ ಕಾಣುವುದಿಲ್ಲ. ಸಂಖ್ಯೆಯ ಮಿತಿ ಇದು; ಇಲಾಖೆ ಈ ಮಿತಿಯನ್ನು ಮುಚ್ಚಿಟ್ಟಿಲ್ಲ.

ನಾನು ಮಾತಾಡಬೇಕಾಗಿರುವುದು ಇನ್ನೊಂದು ಮುನ್ಸೂಚನೆಯ ಬಗ್ಗೆ. ಅದು ಸುಳ್ಳಾಗುವುದು ಬಹಳ ಅಪರೂಪ, ಆದರೂ ಅದನ್ನು ಓದುವವರೇ ಇಲ್ಲ. ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಲ್ಲಿ, ನಿಮ್ಮೂರಿನ ನೆಲದಡಿ ನೀರು ಎಷ್ಟು ಅಡಿಯಲ್ಲಿದೆ ಎಂಬ ಲೆಕ್ಕವೇ ಆ ಮುನ್ಸೂಚನೆ. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ತನ್ನ ವೀಕ್ಷಣಾ ಬಾವಿಗಳ ಮಟ್ಟ ಅಳೆಯುತ್ತದೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯವೂ ಅಳೆಯುತ್ತದೆ. ಸಿಬ್ಬಂದಿ ಬಾವಿಯೊಳಗೆ ಟೇಪು ಇಳಿಬಿಟ್ಟು, ನೀರು ಸೋಕಿದ ಗುರುತು ನೋಡಿ, ಅಂಕಿ ಬರೆದುಕೊಂಡು ಹೋಗುತ್ತಾರೆ. ಆ ಅಂಕಿ ಕಚೇರಿಗೆ ಹೋಗುತ್ತದೆ, ವರದಿಯಾಗುತ್ತದೆ, ಕಪಾಟು ಸೇರುತ್ತದೆ. ಬಾವಿಯ ಪಕ್ಕದ ಮನೆಯವರಿಗೇ ಅದು ಏನೆಂದು ಗೊತ್ತಿರುವುದಿಲ್ಲ. ಮಳೆ ನಿಂತ ಮೇಲೆ ನೆಲದಲ್ಲಿ ಉಳಿದದ್ದು ಇಷ್ಟು, ಮುಂದಿನ ಮುಂಗಾರಿನವರೆಗೆ ಹೊಸದಾಗಿ ಬರುವುದು ಹಿಂಗಾರಿನ ನಾಲ್ಕು ಹನಿ. ಇಷ್ಟು ತಿಳಿದರೆ ಏಪ್ರಿಲ್ ತಿಂಗಳಲ್ಲಿ ಯಾವ ಬೋರು ನಿಲ್ಲುತ್ತದೆ, ಯಾವ ಕೇರಿಗೆ ಟ್ಯಾಂಕರ್ ಬೇಕಾಗುತ್ತದೆ ಎಂಬುದನ್ನು ಐದು ತಿಂಗಳು ಮೊದಲೇ ಹೇಳಬಹುದು. ಮೋಡ ನೋಡಬೇಕಿಲ್ಲ, ಸಾಗರದ ಶಾಖ ಅಳೆಯಬೇಕಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಬರ ಘೋಷಣೆಯಾಗಿತ್ತು. 124.80 ಅಡಿಯ ಕೃಷ್ಣರಾಜಸಾಗರ ಆ ವರ್ಷ ತುಂಬಲೇ ಇಲ್ಲ. ಕಾವೇರಿ ನೀರಿಗಾಗಿ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್ ಆಯಿತು, 29ರಂದು ಕರ್ನಾಟಕವೇ ಬಂದ್ ಆಯಿತು. ಅಂದರೆ ನೀರಿಲ್ಲ ಎಂಬುದು ಗೊತ್ತಿಲ್ಲದ ಒಬ್ಬನೂ ನಾಡಿನಲ್ಲಿರಲಿಲ್ಲ. ಹಾಗಿದ್ದೂ ಬೆಂಗಳೂರು ಅಕ್ಟೋಬರ್‌ನಲ್ಲಿ ಕಾರು ತೊಳೆಯಿತು, ಡಿಸೆಂಬರ್‌ನಲ್ಲಿ ಹುಲ್ಲುಹಾಸಿಗೆ ನೀರು ಬಿಟ್ಟಿತು, ಕಟ್ಟಡ ಕಟ್ಟುವುದಕ್ಕೆ ಕುಡಿಯುವ ನೀರನ್ನೇ ಸುರಿಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂಬ ಆದೇಶ ಬಂದದ್ದು 2024ರ ಮಾರ್ಚ್ 8ಕ್ಕೆ. ಆ ಹೊತ್ತಿಗೆ ನಗರದ 13,900 ಕೊಳವೆಬಾವಿಗಳಲ್ಲಿ ಸುಮಾರು 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ಬಂದ್‌ನಿಂದ ದಂಡದವರೆಗೆ ಐದು ತಿಂಗಳು. ಆ ಐದು ತಿಂಗಳಿಗೆ ಯಾರು ಉತ್ತರ ಕೊಡಬೇಕು? ಆದೇಶ ತಡ ಮಾಡಿದ ಅಧಿಕಾರಿ ಕೊಡಬೇಕು, ನಿಜ. ಆದೇಶ ಬರುವ ತನಕ ಕೊಳಾಯಿ ತಿರುಗಿಸುತ್ತಲೇ ಇದ್ದ ನಾವೂ ಕೊಡಬೇಕು. ಹಳ್ಳಿಗಳ ಕಥೆ ಇನ್ನೂ ಕಷ್ಟದ್ದು: ಬೆಳೆ ಹೋದದ್ದು ಆಗಸ್ಟಿನಲ್ಲಿ, ಕೇಂದ್ರದ ಪರಿಹಾರ ಬಂದದ್ದು ಮುಂದಿನ ವರ್ಷದ ಏಪ್ರಿಲ್ ಕೊನೆಗೆ, ಅದೂ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ.

ಮಳೆ, ಹೊಳೆ, ಅಂತರ್ಜಲ ಈ ಮೂರಕ್ಕೂ ನಾವು ಬೇರೆ ಬೇರೆ ಇಲಾಖೆ ಮಾಡಿದ್ದೇವೆ. ನೀರಿಗೆ ಆ ವಿಂಗಡಣೆ ಗೊತ್ತಿಲ್ಲ. ಅರ್ಕಾವತಿಯನ್ನೇ ತೆಗೆದುಕೊಳ್ಳಿ. ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟುವ ಈ ಹೊಳೆಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೆಂಗಳೂರಿಗೆ ನೀರು ತಂದರು. ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಎದ್ದಿತು. ಕಾವೇರಿ ಬರುವ ಮುಂಚೆ ಬೆಂಗಳೂರನ್ನು ಸಾಕಿದ್ದು ಈ ಎರಡು ಕಟ್ಟೆಗಳೇ. ಆಮೇಲೆ ಹೊಳೆ ಸೊರಗುತ್ತ ಬಂತು. ಮಳೆ ಕಡಿಮೆಯಾಯಿತು, ಕಾಲ ಕೆಟ್ಟಿತು ಎಂದು ಎಲ್ಲರೂ ಅಂದುಕೊಂಡರು. ಏಟ್ರೀ ಎಂಬ ಪರಿಸರ ಅಧ್ಯಯನ ಸಂಸ್ಥೆಯ ಸಂಶೋಧಕರು ದಶಕಗಳ ಮಳೆಯ ದಾಖಲೆ ತೆಗೆದು ನೋಡಿದರು. ಮಳೆ ಕಡಿಮೆಯಾಗಿರಲಿಲ್ಲ. ಕೊಳವೆಬಾವಿಗಳು ನೆಲದ ನೀರನ್ನು ಆಳಕ್ಕೆ ಇಳಿಸಿದ್ದವು, ನೀಲಗಿರಿ ತೋಪುಗಳು ತೇವ ಹೀರಿದ್ದವು, ಹೊಳೆಗೆ ಸೇರಬೇಕಾದ ನೀರು ದಾರಿಯಲ್ಲೇ ತಡೆಗಳಿಗೆ ಸಿಕ್ಕಿ ನಿಲ್ಲುತ್ತಿತ್ತು. ಮುಂಚೆ ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹಳ್ಳ ಹರಿಯುತ್ತಿದ್ದದ್ದು ಮೇಲ್ಪದರದ ಅಂತರ್ಜಲ ಒಸರುತ್ತಿದ್ದುದರಿಂದ. ನೀರಿನ ಮಟ್ಟ ನೂರಾರು ಅಡಿ ಕುಸಿದ ಮೇಲೆ ಹಳ್ಳದ ತಳವೇ ಮೊದಲ ಮಳೆಗಳನ್ನು ಕುಡಿಯುತ್ತದೆ, ಹರಿಯುವುದಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ವಾಡಿಕೆ ಮಳೆ ಎಂದು ದಿಲ್ಲಿಯಿಂದ ಎಷ್ಟು ಸಿಹಿ ಸುದ್ದಿ ಬಂದರೂ ಅರ್ಕಾವತಿಗೆ ಅದರಿಂದ ಪ್ರಯೋಜನವಿಲ್ಲ. ಆ ಹೊಳೆಯನ್ನು ಕೊಂದದ್ದು ಆಕಾಶವಲ್ಲ. ಈ ಮಾತನ್ನು ನಾವು ಬಾಯಿಬಿಟ್ಟು ಹೇಳುವುದನ್ನು ಕಲಿಯಬೇಕು, ಏಕೆಂದರೆ ದೇವರು ಮುನಿದ ಎಂದುಬಿಟ್ಟರೆ ಯಾರೂ ಏನೂ ಮಾಡಬೇಕಾಗಿ ಬರುವುದಿಲ್ಲ.

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬೋರು ಕೊರೆಯುವುದನ್ನು ರಾತ್ರಿಯೆಲ್ಲ ನೋಡಿದ್ದೇನೆ. ತಿರುಚೆಂಗೋಡಿನ ಎರಡು ಲಾರಿ, ಒಂದರ ಮೇಲೆ ಕೊರೆಯುವ ಯಂತ್ರ, ಇನ್ನೊಂದರ ಮೇಲೆ ರಾಡುಗಳು. ಸಂಜೆ ತೆಂಗಿನಕಾಯಿ ಹಿಡಿದು ಪಾಯಿಂಟ್ ಗುರುತಿಸಿದ್ದಾಗಿತ್ತು. ಅಲ್ಲಿ ಅರಿಶಿನ ಕುಂಕುಮ ಹಾಕಿ, ನಿಂಬೆಹಣ್ಣು ಕೊಯ್ದು, ಊದಿನಕಡ್ಡಿ ಹಚ್ಚಿದ್ದರು. ಕೇಸಿಂಗ್ ಇಳಿಸಿದ ಮೇಲೆ ಶಬ್ದ ಶುರುವಾಯಿತು. ಆರುನೂರು ಅಡಿಗೆ ಸ್ವಲ್ಪ ಹಸಿ ಬಂತು, ಎಲ್ಲರೂ ಎದ್ದು ನಿಂತರು. ಮತ್ತೆ ಒಣ ಪುಡಿ. ಸಾವಿರ ಅಡಿ ದಾಟಿದ ಮೇಲೆ ಅಡಿಗೆ ಇಷ್ಟು ಎಂಬ ದರವೂ ಏರುತ್ತದೆ. ಲಾರಿಯವನು ಪ್ರತಿ ಸಲ ರಾಡು ಸೇರಿಸುವ ಮುಂಚೆ ರೈತನ ಮುಖ ನೋಡುತ್ತಿದ್ದ. ‘ಇನ್ನೊಂದು ನೂರಡಿ ಬಿಡೋಣಣ್ಣ?’ ರೈತ ತಲೆಯಾಡಿಸುತ್ತಿದ್ದ. ಅವನ ತಾಯಿ ಮಾತ್ರ ಬೇಲಿಯ ಕಡೆಯಿಂದ, ‘ಸಾಕು ಬಿಡಪ್ಪಾ, ಕಿವಿದೂ ಹೋಯ್ತು, ಇನ್ನೇನು ಉಳ್ದೈತೆ’ ಎಂದು ಹೇಳುತ್ತಲೇ ಇದ್ದಳು. ಸೊಸೆಯ ಕಿವಿಯೋಲೆ ಅಡವಿಟ್ಟ ದುಡ್ಡು ಅದು. ಬೆಳಗಿನ ಜಾವಕ್ಕೆ ಲಾರಿಗಳು ಹೊರಟವು. ತೊಗರಿ ಗಿಡಗಳ ಮೇಲೆ ಬಿಳಿ ಕಲ್ಲುಪುಡಿ ಕೂತಿತ್ತು. ಬೋರಿನ ಬಾಯಿಗೆ ರೈತನೇ ಒಂದು ಚಪ್ಪಡಿ ಎಳೆದು ಮುಚ್ಚಿದ, ಮಕ್ಕಳು ಬಿದ್ದಾವು ಅಂತ.

ಆ ಕುಟುಂಬವನ್ನು ದೂರುವುದು ನನ್ನಿಂದಾಗದು. ಅಲ್ಲಿಗೆ ನೂರು ಗಜ ದೂರದಲ್ಲಿ ಬೇರೊಬ್ಬರ ತೋಟದ ಬೋರು ಹಗಲೂ ರಾತ್ರಿ ಹೊಡೆಯುತ್ತಿತ್ತು. ನಮ್ಮ ನೆಲ ಗಟ್ಟಿ ಕಲ್ಲಿನದು. ಮೇಲಿನ ಹತ್ತಾರು ಅಡಿ ಕೊಳೆತ ಕಲ್ಲಿನ ಮೆತ್ತನೆಯ ಪದರದಲ್ಲಿ ಮಾತ್ರ ನೀರು ಸರಾಗವಾಗಿ ತುಂಬಿಕೊಳ್ಳುತ್ತದೆ. ಅದರ ಕೆಳಗೆ ಇರುವುದೆಲ್ಲ ಬಿರುಕುಗಳು. ಬಿದ್ದ ಮಳೆಯಲ್ಲಿ ನೂರಕ್ಕೆ ಹತ್ತರ ಆಸುಪಾಸು ಇಂಗಿದರೆ ಹೆಚ್ಚು. ಒಬ್ಬ ಆಳಕ್ಕೆ ಇಳಿದರೆ ಪಕ್ಕದವನ ಬಿರುಕು ಒಣಗುತ್ತದೆ, ಅವನು ಇನ್ನೂ ಆಳಕ್ಕೆ ಹೋಗಬೇಕಾಗುತ್ತದೆ, ಸಾಲ ಮಾಡಲಾಗದವನು ಸೋಲುತ್ತಾನೆ. ಆಳದ ನೀರಿನ ಜೊತೆ ಫ್ಲೋರೈಡ್ ಮೇಲೆ ಬರುತ್ತದೆ, ಮಕ್ಕಳ ಹಲ್ಲು ಕಂದುತ್ತದೆ, ದೊಡ್ಡವರ ಮಂಡಿ ಹಿಡಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರಗಳ ತಾಲ್ಲೂಕುಗಳು ವರ್ಷದಿಂದ ವರ್ಷಕ್ಕೆ ಸರ್ಕಾರಿ ದಾಖಲೆಯ ‘ಅತಿಬಳಕೆ’ ಪಟ್ಟಿಯಲ್ಲೇ ಇವೆ. ವರ್ಷಕ್ಕೆ ಇಂಗುವುದಕ್ಕಿಂತ ಎಳೆಯುವುದು ಹೆಚ್ಚು ಎಂದು ಅದರ ಅರ್ಥ. ಮಳೆ ಚೆನ್ನಾದ ವರ್ಷವೂ ಆ ಪಟ್ಟಿಯಿಂದ ಅವುಗಳ ಹೆಸರು ಅಳಿಸಿಹೋಗಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳ ಮುಂದೆ ಹಗೇವು ಇರುತ್ತಿತ್ತು. ನೆಲ ಅಗೆದು ಮಾಡಿದ ಆ ಗುಳಿಯಲ್ಲಿ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬೆಳೆ ಬಂದ ವರ್ಷ ಹಗೇವಿನ ಬಾಯಿ ತೆರೆಯುವಂತಿರಲಿಲ್ಲ. ಹಬ್ಬಕ್ಕೂ ಇಲ್ಲ, ಮದುವೆಗೂ ಇಲ್ಲ. ಬೆಳೆ ಕೈಕೊಟ್ಟ ವರ್ಷಕ್ಕೆ ಅದು ಮೀಸಲು. ನೆಲದಡಿಯ ನೀರು ಈ ನಾಡಿನ ಹಗೇವು. ನಾವು ಅದನ್ನು ಸುಗ್ಗಿಯಲ್ಲೇ ಬಗೆದು ಉಂಡಿದ್ದೇವೆ. ಕೆರೆ ತುಂಬಿ ಕೋಡಿ ಹರಿದ ವರ್ಷವೂ ಬೋರಿನ ಮೋಟರು ನಿಲ್ಲಿಸಲಿಲ್ಲ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಅದು ಬರುವುದು ನಡುರಾತ್ರಿ, ಹಾಗಾಗಿ ಸ್ಟಾರ್ಟರ್‌ಗೆ ಆಟೊಮ್ಯಾಟಿಕ್ ಹಾಕಿಬಿಟ್ಟರೆ ಬೆಳೆಗೆ ಬೇಕೋ ಬೇಡವೋ ನೀರು ಹರಿಯುತ್ತಲೇ ಇರುತ್ತದೆ. ರೈತನಿಗೆ ಕೊಟ್ಟ ಸವಲತ್ತನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹಗಲಲ್ಲಿ ಇಂತಿಷ್ಟು ಹೊತ್ತು ಎಂದು ಕೈಕೊಡದ ಕರೆಂಟು ಕೊಟ್ಟರೆ ಅವನೇ ಮೋಟರಿನ ಮುಂದೆ ನಿಂತು ಸಾಲು ತಿರುಗಿಸುತ್ತಾನೆ.

ಇದರ ಬೆಲೆ ಯಾರು ತೆರುತ್ತಾರೆ ನೋಡಿ. ಸಾವಿರದ ಇನ್ನೂರು ಅಡಿ ಕೊರೆಸಬಲ್ಲವನು ತೆರುವುದಿಲ್ಲ. ಅಪಾರ್ಟ್‌ಮೆಂಟಿನ ಸಂಘ ಟ್ಯಾಂಕರಿಗೆ ದುಡ್ಡು ಹಂಚಿ ಹಾಕಿಕೊಳ್ಳುತ್ತದೆ. ಊರ ಕೊನೆಯ ಕೇರಿಯ ತೊಂಬೆಗೆ ನೀರು ಬರುವುದು ಎಲ್ಲರಿಗಿಂತ ಕೊನೆಗೆ, ನಿಲ್ಲುವುದು ಎಲ್ಲರಿಗಿಂತ ಮೊದಲು. ಬಿಂದಿಗೆಗಳ ಸಾಲಿನಲ್ಲಿ ನಿಂತವರಲ್ಲಿ ಶಾಲೆಗೆ ಹೋಗಬೇಕಾದ ಹುಡುಗಿಯರಿರುತ್ತಾರೆ. ಕೂಲಿ ಬಿಟ್ಟು ಕಾಯುವ ಹೆಂಗಸರಿರುತ್ತಾರೆ. ನೀರು ಬಾರದ ದಿನ ಆ ಮನೆಯ ಕೂಲಿಯೂ ಹೋಯಿತು. ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗುವುದು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಗುಳೆ ಹೊರಡುವುದು ಆಮೇಲಿನ ಸಂಗತಿ. ಹಾಗೆ ಗುಳೆ ಬಂದವನು ಕಟ್ಟುವ ಕಟ್ಟಡಕ್ಕೇ ಇನ್ನೊಂದು ಹಳ್ಳಿಯಿಂದ ಟ್ಯಾಂಕರಿನಲ್ಲಿ ನೀರು ಬರುತ್ತದೆ.

ಹಿಂದೆ ನೀರಿನ ಲೆಕ್ಕ ನೋಡಿ ಬೆಳೆ ತೀರ್ಮಾನಿಸುವ ಪದ್ಧತಿ ನಮ್ಮಲ್ಲಿತ್ತು. ಕೆರೆಯ ತೂಬು ಕಾಯುವ ನೀರುಗಂಟಿ ಇರುತ್ತಿದ್ದ. ಮಳೆ ಜೋರಾದ ರಾತ್ರಿ ಏರಿಯ ಮೇಲೆ ಓಡಾಡಿ ಬಿರುಕು ನೋಡುತ್ತಿದ್ದವನೂ ಅವನೇ, ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುತ್ತಿದ್ದವನೂ ಅವನೇ. ಕೆರೆ ಅರೆ ತುಂಬಿದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟಕ್ಕೆ ನಾಟಿ, ಎಷ್ಟಕ್ಕೆ ರಾಗಿ ಎಂದು ಊರು ಕೂತು ಮಾತಾಡುತ್ತಿತ್ತು, ನೀರುಗಂಟಿಯ ಕಣ್ಣಳತೆಗೆ ಬೆಲೆಯಿತ್ತು. ಆ ಕಾಲಕ್ಕೆ ಹಿಂದಿರುಗೋಣ ಎನ್ನುವವನು ನಾನಲ್ಲ. ತೂಬು ಕಾಯುತ್ತಿದ್ದವರು ಬಹುಮಟ್ಟಿಗೆ ದಲಿತರು, ಅವರಿಗೆ ಊರ ಬಾವಿಯಲ್ಲಿ ಹಗ್ಗ ಇಳಿಸುವ ಹಕ್ಕಿರಲಿಲ್ಲ. ಆ ಅನ್ಯಾಯವನ್ನು ಬಿಟ್ಟು, ಕೂತು ಲೆಕ್ಕ ಹಾಕುವ ಆ ಅಭ್ಯಾಸವನ್ನು ಮಾತ್ರ ಈ ಕಾಲಕ್ಕೆ ತರಬೇಕು. ಇದು ಆಗದ ಮಾತೇನಲ್ಲ. ಮಹಾರಾಷ್ಟ್ರದ ಹಿವರೇ ಬಜಾರ್ ಎಂಬ ಮಳೆ ಕಡಿಮೆಯ ಊರಿನಲ್ಲಿ, ಪೋಪಟರಾವ್ ಪವಾರ್ ಅವರ ಮುಂದಾಳುತನದಲ್ಲಿ, ಮುಂಗಾರು ಮುಗಿದ ಮೇಲೆ ಗ್ರಾಮಸಭೆ ಕೂತು ಬಿದ್ದ ಮಳೆ ಎಷ್ಟು, ಬಾವಿಗಳಲ್ಲಿ ನೀರೆಷ್ಟು ಎಂದು ನೋಡುತ್ತದೆ. ಕುಡಿಯುವುದಕ್ಕೆ, ದನಕರುಗಳಿಗೆ ಎತ್ತಿಟ್ಟು ಉಳಿದದ್ದರಲ್ಲಿ ಬೆಳೆ. ಬೇಸಾಯಕ್ಕೆ ಕೊಳವೆಬಾವಿ ಕೊರೆಸುವಂತಿಲ್ಲ. ಕಬ್ಬು, ಬಾಳೆ ಅಲ್ಲಿ ನಿಷಿದ್ಧ. ಇನ್ನೂ ಹತ್ತಿರದ ಉದಾಹರಣೆ ನಮ್ಮ ಗಡಿಯಾಚೆಯದು. ಚಿತ್ತೂರು, ಅನಂತಪುರವೂ ಸೇರಿ ಆಗಿನ ಆಂಧ್ರದ ಏಳು ಜಿಲ್ಲೆಗಳಲ್ಲಿ ಎರಡು ಸಾವಿರದ ಮೊದಲ ದಶಕದಲ್ಲಿ ರೈತರೇ ಮಳೆಮಾಪಕ ಓದಿದರು, ತಮ್ಮ ಬೋರುಗಳ ಮಟ್ಟ ತಾವೇ ಅಳೆದರು, ಅದನ್ನು ಊರ ಗೋಡೆಯ ಮೇಲೆ ಬರೆದರು. ಹಿಂಗಾರು ಬಿತ್ತನೆಗೆ ಮುಂಚೆ ಕೂತು ಇಷ್ಟು ನೀರಿಗೆ ಯಾವ ಬೆಳೆ ಎಂದು ಲೆಕ್ಕ ಹಾಕಿದರು. ಯಾರಿಗೂ ಕಟ್ಟಳೆ ಇರಲಿಲ್ಲ. ಲೆಕ್ಕ ಕಣ್ಣೆದುರು ಇದ್ದದ್ದರಿಂದಲೇ ಎಷ್ಟೋ ರೈತರು ಭತ್ತ ಬಿಟ್ಟು ನೀರು ಕಡಿಮೆ ಬೇಡುವ ಬೆಳೆಗೆ ಹೊರಳಿದರು. ಅದೇ ಕಲ್ಲು, ಅದೇ ಮಳೆ, ಬಹುಮಟ್ಟಿಗೆ ಅದೇ ಜನ. ನಮ್ಮಿಂದ ಏಕಾಗಲಿಲ್ಲ?

ಕಾವೇರಿ ವಿಷಯದಲ್ಲಿ ನೆಲದ ಲೆಕ್ಕ ನಮಗೆ ಚೆನ್ನಾಗಿಯೇ ನೆನಪಿದೆ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ನದಿಮುಖಜ ಭೂಮಿಯ ಅಂತರ್ಜಲದಲ್ಲಿ 10 ಟಿಎಂಸಿಯನ್ನು ಲೆಕ್ಕಕ್ಕೆ ಹಿಡಿಯಿತು. ನಮಗೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿಯಲ್ಲಿ ದೊಡ್ಡ ಪಾಲು ಹಾಗೆ ಬಂದದ್ದು. ನಾವು ಅದನ್ನು ನ್ಯಾಯ ಎಂದು ಒಪ್ಪಿಕೊಂಡೆವು, ಸಂತೋಷಪಟ್ಟೆವು. ಪಕ್ಕದ ರಾಜ್ಯದವರು ತಮ್ಮ ನೆಲದ ನೀರಿನ ಲೆಕ್ಕ ಕೊಡಬೇಕು ಎನ್ನುವ ನಾವು ನಮ್ಮ ತಾಲ್ಲೂಕಿನ, ನಮ್ಮ ಬಡಾವಣೆಯ ಲೆಕ್ಕ ಕೊಡಲು ಏಕೆ ಹಿಂಜರಿಯುತ್ತೇವೆ?

2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಜೂನ್ ತಿಂಗಳಲ್ಲೇ ಕೃಷ್ಣರಾಜಸಾಗರ ತುಂಬಿ ತಿಂಗಳ ಕೊನೆಯ ದಿನ ಬಾಗಿನ ಬಿಟ್ಟರು. ಅಣೆಕಟ್ಟೆಯ ಚರಿತ್ರೆಯಲ್ಲಿ ಜೂನ್‌ನಲ್ಲಿ ಹಾಗಾದದ್ದು ಅದೇ ಮೊದಲು. ಬಾಗಿನ ಬಿಡಲಿ. ತುಂಬಿದ ಹೊಳೆಯ ಮುಂದೆ ಕೈಮುಗಿಯುವುದು ಈ ನೆಲದ ಒಳ್ಳೆಯ ಗುಣ. ಆದರೆ ಕೃಷ್ಣರಾಜಸಾಗರ ತುಂಬಿದರೆ ಮುಳಬಾಗಿಲಿನ ಬೋರಿಗೆ ನೀರು ಬರುವುದಿಲ್ಲ. 49.45 ಟಿಎಂಸಿಯ ಆ ಜಲಾಶಯದ ನೀರಿನ ಮಟ್ಟ ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ಬರುತ್ತದೆ, ಒಳಹರಿವು ಹೊರಹರಿವು ಕ್ಯೂಸೆಕ್ ಲೆಕ್ಕದಲ್ಲಿ ಬರುತ್ತದೆ. ಅಂತರ್ಜಲದ ಮಟ್ಟ ಎಲ್ಲಿ ಬರುತ್ತದೆ? ಪತ್ರಿಕೆಗಳಲ್ಲಿರುವ ನನ್ನ ವೃತ್ತಿಬಾಂಧವರನ್ನು ಕೈಮುಗಿದು ಕೇಳುತ್ತೇನೆ: ತಿಂಗಳಿಗೊಂದು ಸಲ, ಅಣೆಕಟ್ಟೆಯ ಪಟ್ಟಿಯ ಪಕ್ಕದಲ್ಲೇ, ಜಿಲ್ಲೆಯ ಪ್ರತಿ ತಾಲ್ಲೂಕಿನ ಅಂತರ್ಜಲ ಮಟ್ಟವನ್ನು, ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು ಎಂಬುದನ್ನು ಅಚ್ಚು ಹಾಕಿ. ಅಂಕಿಗಳು ಸರ್ಕಾರದ ಬಳಿ ಇವೆ. ನಾವು ಕೇಳುತ್ತಿಲ್ಲ ಅಷ್ಟೆ.

ಸರ್ಕಾರವನ್ನು ಕೇಳುವುದು ಇನ್ನೂ ದೊಡ್ಡದಿದೆ. 1988ರಲ್ಲಿ ಬರ ನಿಗಾ ಘಟಕವನ್ನು ಸ್ಥಾಪಿಸಿ ದೇಶಕ್ಕೇ ದಾರಿ ತೋರಿದ ರಾಜ್ಯ ಇದು. ಇವತ್ತು ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕಗಳಿವೆ, ರೈತರಿಗೆ ಹವಾಮಾನ ಹೇಳುವ ವರುಣಮಿತ್ರ ಸಹಾಯವಾಣಿ ಇದೆ. 2011ರ ಅಂತರ್ಜಲ ಕಾಯ್ದೆ ಇದೆ, ಅದರ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಅನುಮತಿಯಿಲ್ಲದೆ ಬೋರು ಕೊರೆಯುವಂತಿಲ್ಲ. ರಾತ್ರಿ ಕೊರೆಯುವ ಲಾರಿಯನ್ನು ಯಾರು ತಡೆದಿದ್ದಾರೆ? 2017ರಲ್ಲಿ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿದಿರಿ, ಒಳ್ಳೆಯದು. ಮಳೆ ಕೈಕೊಡುವ ಸೂಚನೆ ಕಂಡ ವರ್ಷ ಬೇಸಿಗೆ ಭತ್ತಕ್ಕೆ ನಾಲೆ ನೀರು ಸಿಗುವುದಿಲ್ಲ ಎಂಬ ಮಾತನ್ನು ರೈತ ಒಟ್ಲು ಹಾಕಿದ ಮೇಲೆ ಹೇಳಬೇಡಿ, ಅಕ್ಟೋಬರ್‌ನಲ್ಲೇ ಹೇಳಿ. ರಾಗಿ, ಜೋಳ, ಹುರುಳಿ ಬೆಳೆಯುವವನಿಗೆ ಖರೀದಿ ಕೇಂದ್ರದ ಮುಂದೆ ದಿನಗಟ್ಟಲೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುವ ಶಿಕ್ಷೆ ಕೊಡಬೇಡಿ. ಮುನ್ಸೂಚನೆ ನಂಬಿ ಭತ್ತ ಬಿಟ್ಟವನ ಊರಿನಲ್ಲಿ ಮಳೆ ಚೆನ್ನಾಗಿ ಬಿದ್ದರೆ ಅವನ ನಷ್ಟ ನಾಡಿಗಾಗಿ ಆದ ನಷ್ಟ. ಅದನ್ನು ತುಂಬಿಕೊಡುವುದು ನಾಡಿನ ಹೊಣೆ. ಉಳಿದ ನೀರು ನೆಲದಲ್ಲೇ ಇರುತ್ತದೆ, ಮುಂದಿನ ಬರದ ವರ್ಷಕ್ಕೆ.

ಬೆಂಗಳೂರಿನವರೇ, ಮೈಸೂರು, ಹುಬ್ಬಳ್ಳಿ, ಕಲಬುರಗಿಯವರೇ, ದಂಡ ಹಾಕುವ ತನಕ ಕಾಯಬೇಡಿ. ಸೆಪ್ಟೆಂಬರ್ ಮುಗಿದ ಕೂಡಲೇ ನಿಮ್ಮ ಬಡಾವಣೆಯ ಬೋರಿನ ಮಟ್ಟ ಅಳೆಸಿ ಗೇಟಿನ ಹತ್ತಿರ ಬರೆಸಿ. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚು ನೀರು ಬರುತ್ತದೆ ಎಂದರು. ಅದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಬೆಟ್ಟ ಹತ್ತಿಸಿ, ಕರೆಂಟು ಸುಟ್ಟು ತರುವ ನೀರು. ಅದೇ ಹೊಳೆಯ ದಂಡೆಯ ರೈತ ಕಟ್ಟುಪದ್ಧತಿಯಲ್ಲಿ ಸರದಿ ಕಾಯುತ್ತಿರುತ್ತಾನೆ. ನಿಮ್ಮ ಮಾಳಿಗೆಯ ಮೇಲೆ ಬಿದ್ದ ಮಳೆಯನ್ನು ಚರಂಡಿಗೆ ಬಿಟ್ಟು ಅವನ ಪಾಲಿನದನ್ನು ಕೇಳುವುದು ಸರಿಯೇ? ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಒಂದು ಎಕರೆಯಲ್ಲಿ 40 ಸಾವಿರ ಲೀಟರ್ ನೀರು. ಲೆಕ್ಕ ನೀವೇ ಹಾಕಿಕೊಳ್ಳಿ.

ದೊಡ್ಡ ತೋಟದ ಯಜಮಾನರಿಗೆ ಒಂದು ಮಾತು ಹೇಳಲೇಬೇಕು. ಹೊಸ ಬೋರು ಕೊರೆಸುವ ಮುಂಚೆ ಪಕ್ಕದ ಎರಡು ಎಕರೆಯವನನ್ನು ಕರೆದು ಮಾತಾಡಿಸಿ. ನಿಮ್ಮ ಕಾಗದದಲ್ಲಿರುವುದು ಭೂಮಿಯ ಚಕ್ಕುಬಂದಿ. ಬಿರುಕಿನೊಳಗಿನ ನೀರಿಗೆ ಚಕ್ಕುಬಂದಿ ಇಲ್ಲ. ಕೆರೆ ಅಂಗಳಕ್ಕೆ ಬೇಲಿ ಹಾಕಿದವರು, ರಾಜಕಾಲುವೆ ಮೇಲೆ ಮನೆ ಕಟ್ಟಿದವರು ಈ ಬರಹ ಓದುತ್ತಿದ್ದರೆ, ಅಧಿಕಾರಿ ನೋಟಿಸು ಕೊಡುವ ಮುಂಚೆ ನೀವೇ ಬಿಟ್ಟುಕೊಡಿ. ಈ ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳನ್ನು ಕಟ್ಟಿದವರು ನಮಗಿಂತ ಬಡವರು. ಅವರಿಗೆ ಉಪಗ್ರಹದ ಚಿತ್ರ ಸಿಗುತ್ತಿರಲಿಲ್ಲ, ತಮ್ಮ ಕಾಲಕ್ಕಷ್ಟೇ ಸಾಕು ಎಂಬ ಯೋಚನೆಯೂ ಇರಲಿಲ್ಲ.

ಗ್ರಾಮ ಪಂಚಾಯಿತಿಯವರು ಮುಂದಿನ ಸಭೆ ಕರೆಯುತ್ತಾರೆ. ಹೋಗಿ. ಹೆಣ್ಣುಮಕ್ಕಳು ಹೆಚ್ಚಾಗಿ ಹೋಗಿ, ಏಕೆಂದರೆ ಕೊಡ ಹೊರುವವರು ನೀವು. ಎದ್ದು ನಿಂತು ಕೇಳಿ: ನಮ್ಮ ಊರಿನ ಅಂತರ್ಜಲ ಈಗ ಎಷ್ಟು ಅಡಿಯಲ್ಲಿದೆ, ಹೋದ ವರ್ಷ ಎಷ್ಟಿತ್ತು, ಇರುವ ನೀರಿನಲ್ಲಿ ಮೇ ತಿಂಗಳವರೆಗೆ ಕುಡಿಯುವುದಕ್ಕೆ ಎಷ್ಟು ಎತ್ತಿಟ್ಟಿದ್ದೀರಿ, ಕೊನೆಯ ಕೇರಿಗೆ ನೀರು ನಿಂತರೆ ಯಾವ ಬೋರಿನಿಂದ ಕೊಡುತ್ತೀರಿ? ಅಧ್ಯಕ್ಷರು ಮೆಂಬರುಗಳ ಮುಖ ನೋಡಬಹುದು, ಪಿಡಿಒ ಮಾಹಿತಿ ಬಂದಿಲ್ಲ ಎನ್ನಬಹುದು. ಮಾಹಿತಿ ಇಲ್ಲ ಎಂಬುದನ್ನೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ಎಲ್ಲರ ಸಹಿ ಹಾಕಿಸಿ, ಲೆಕ್ಕ ಮುಂದಿಡುವ ದಿನಾಂಕವನ್ನು ಅಲ್ಲೇ ಗೊತ್ತುಮಾಡಿಸಿಕೊಂಡು ಮೇಲೇಳಿ.